ಉಪ್ಪುನೀರು ಮಿಶ್ರಣ ಆದರೆ ನೀರು ಯಾಕೆ ಅಲ್ಲ?

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿ ಇದ್ದೇವೆ. ಮಗಳು 9ನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ನಾನು ಊರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಪರೀಕ್ಷೆಯಲ್ಲಿ ಅವಳು ಉಪ್ಪುನೀರು ಸಂಯುಕ್ತ ಅಂತ ಬರೆದು ಮಾರ್ಕ್ಸ್ ಕಳೆದುಕೊಂಡಳು. "ಬೇರ್ಪಡಿಸೋಕೆ ಆಗುತ್ತೆ, ಅದಕ್ಕೇ ಮಿಶ್ರಣ" ಅಂತ ನಾನು ತಿದ್ದಿದೆ. ಅದಕ್ಕೆ ಅವಳು, "ನೀರಿಗೆ ಕರೆಂಟ್ ಕೊಟ್ಟರೆ ಅದೂ ಬೇರೆ ಆಗುತ್ತಲ್ಲ, ಮತ್ತೆ ನೀರು ಯಾಕೆ ಮಿಶ್ರಣ ಅಲ್ಲ? ಹಿತ್ತಾಳೆಯಿಂದ ತಾಮ್ರ ತೆಗೆದು ತೋರಿಸು ನೋಡೋಣ" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಮಿಶ್ರಣಕ್ಕೂ ಸಂಯುಕ್ತಕ್ಕೂ ನಿಜವಾದ ವ್ಯತ್ಯಾಸ ಏನು?

ಉತ್ತರ: ಮೊದಲು ಮಗಳ ಬೆನ್ನು ತಟ್ಟಿ. ಮುಂಬೈಯ ಜೂನಿಯರ್ ಕಾಲೇಜಿನಲ್ಲಿ 30 ವರ್ಷ ಕೆಮಿಸ್ಟ್ರಿ ಕಲಿಸಿದ್ದೇನೆ. "ಬೇರ್ಪಡಿಸಬಹುದು, ಆದ್ದರಿಂದ ಮಿಶ್ರಣ" ಅಂತ ಬರೆದು ಮಾರ್ಕ್ಸ್ ತಗೊಂಡು ಹೋದ ಮಕ್ಕಳಿಗೆ ಲೆಕ್ಕವೇ ಇಲ್ಲ. ಆ ಉತ್ತರವನ್ನೇ ಹಿಡಿದು "ಹಾಗಾದ್ರೆ ನೀರು?" ಅಂತ ತಿರುಗಿ ಕೇಳಿದವರು ತೀರಾ ಕಮ್ಮಿ. ಅವಳ ಉತ್ತರ ತಪ್ಪಿರಬಹುದು, ಪ್ರಶ್ನೆ ಮಾತ್ರ ತುಂಬಾ ಸರಿಯಾಗಿದೆ.

ಬೇರ್ಪಡಿಸೋಕೆ ಆಗುತ್ತಾ, ಸುಲಭವಾ, ಕಷ್ಟವಾ ಅನ್ನೋದನ್ನು ಸದ್ಯಕ್ಕೆ ಬದಿಗಿಡಿ. ಅದರ ಬದಲು ಎರಡು ಮಾತು ಕೇಳಿ. ನಾನು ಸೇರಿಸಿದ ವಸ್ತುಗಳು ಒಳಗೆ ಇನ್ನೂ ಅವೇ ಆಗಿ ಉಳಿದಿವೆಯಾ? ಅವುಗಳ ಪ್ರಮಾಣವನ್ನು ನನಗೆ ಬೇಕಾದ ಹಾಗೆ ಹೆಚ್ಚು ಕಮ್ಮಿ ಮಾಡಬಹುದಾ? ಎರಡಕ್ಕೂ ಹೌದು ಅಂತ ಬಂದರೆ ಮಿಶ್ರಣ, ಎರಡಕ್ಕೂ ಇಲ್ಲ ಅಂತ ಬಂದರೆ ಸಂಯುಕ್ತ. ಇನ್ನು ಮಗಳ ನೀರಿಗೆ ಬರೋಣ.

ಒಂದು ಗಟ್ಟಿ ಬಾಟಲಿಯಲ್ಲಿ ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ತುಂಬಿದ್ದೇವೆ ಅಂದುಕೊಳ್ಳಿ. ನೀರಿಗೆ ಏನು ಬೇಕೋ ಅದು ಸರಿಯಾಗಿ ಅಷ್ಟೇ ಇದೆ. ಆದರೂ ಆ ಬಾಟಲಿಯಲ್ಲಿ ಒಂದು ಹನಿ ನೀರೂ ಇಲ್ಲ. ಸುಮ್ನೆ ಮುಚ್ಚಿಟ್ಟರೆ ಮುಂದಿನ ವರ್ಷ ನೋಡಿದರೂ ಗ್ಯಾಸ್ ಗ್ಯಾಸಾಗಿಯೇ ಇರುತ್ತದೆ. ಹೈಡ್ರೋಜನ್ ಉರಿಯುವ ಗುಣ ಬಿಟ್ಟಿಲ್ಲ, ಆಕ್ಸಿಜನ್ ಉರಿಸುವ ಗುಣ ಬಿಟ್ಟಿಲ್ಲ. ಇದು ಮಿಶ್ರಣ. ಈಗ ಒಂದು ಕಿಡಿ ತಾಗಿಸಿದರೆ ಢಂ ಅಂತ ಸಿಡಿದು, ಬಾಟಲಿಯ ಒಳಗೋಡೆಗೆ ಸಣ್ಣ ಹನಿಗಳು ಕೂತಿರುತ್ತವೆ. ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ, ಬೆಂಕಿ ಆರಿಸೋಕೆ ನಾವು ಬಳಸುವ ಮೂರನೆಯದೇ ಒಂದು ವಸ್ತು! ಒಳಗಿದ್ದ ಪರಮಾಣುಗಳು ಅವೇ, ಲೆಕ್ಕವೂ ಅದೇ. ಯಾರು ಯಾರ ಕೈ ಹಿಡಿದಿದ್ದಾರೆ ಅನ್ನೋದು ಮಾತ್ರ ಬದಲಾಯಿತು. ಇದೇ ಸಂಯುಕ್ತ.

ಪ್ರಮಾಣದ ವಿಷಯವೂ ಇಲ್ಲೇ ಚೆನ್ನಾಗಿ ಕಾಣುತ್ತದೆ. ತೂಕದಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ ಸೇರಿ 9 ಗ್ರಾಂ ನೀರು. ನೀವು ಉದಾರವಾಗಿ 2 ಗ್ರಾಂ ಹೈಡ್ರೋಜನ್ ಕೊಟ್ಟು ಆಕ್ಸಿಜನ್ 8 ಗ್ರಾಂನಲ್ಲೇ ಇಟ್ಟರೆ "ಹೈಡ್ರೋಜನ್ ಜಾಸ್ತಿ ಇರುವ ನೀರು" ಸಿಗುವುದಿಲ್ಲ. ಅದೇ 9 ಗ್ರಾಂ ನೀರು ಆಗುತ್ತದೆ, 1 ಗ್ರಾಂ ಹೈಡ್ರೋಜನ್ ಹಾಗೇ ಉಳಿಯುತ್ತದೆ. ಶರಬತ್ತಿನಲ್ಲಿ ಹೀಗೆ ಯಾವತ್ತಾದರೂ ಆಗಿದೆಯಾ? ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದರೆ ಜಾಸ್ತಿ ಸಿಹಿ, ಅಷ್ಟೇ.

ಮಗಳು ಹೇಳಿದ ಕರೆಂಟ್ ಪ್ರಯೋಗ 1800ರಲ್ಲಿ ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಮಾಡಿ ತೋರಿಸಿದ್ದು. ನಿಜ, ನೀರು ಒಡೆಯುತ್ತದೆ. ಆದರೆ ಅಲ್ಲಿ ಆಗೋದು ಏನು ಅಂತ ಸ್ವಲ್ಪ ನಿಂತು ನೋಡಿ. ಉಪ್ಪುನೀರು ಒಣಗಿದಾಗ ಉಪ್ಪು ಹೊಸದಾಗಿ ಹುಟ್ಟಲಿಲ್ಲ, ಒಳಗಿದ್ದದ್ದು ತಳದಲ್ಲಿ ಉಳಿಯಿತು. ನೀರಿಗೆ ಕರೆಂಟ್ ಕೊಟ್ಟಾಗ ನೀರು ಅನ್ನೋದೇ ಇಲ್ಲವಾಗಿ, ಅದರಲ್ಲಿ ಗ್ಯಾಸಾಗಿ ಎಲ್ಲೂ ಇರದಿದ್ದ ಎರಡು ಗ್ಯಾಸ್ ಹುಟ್ಟಿದವು. ಶಕ್ತಿಯ ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. 18 ಗ್ರಾಂ ಕುದಿಯುವ ನೀರನ್ನು ಆವಿ ಮಾಡೋಕೆ ಸುಮಾರು 41 ಕಿಲೋಜೂಲ್ ಸಾಕು, ಆವಿಯೂ ನೀರೇ. ಅಷ್ಟೇ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯೋಕೆ ಸುಮಾರು 286 ಕಿಲೋಜೂಲ್ ಬೇಕು, ಅಂದರೆ 7 ಪಟ್ಟು. ಬಾಟಲಿಯಲ್ಲಿ ಢಂ ಅಂದಾಗ ಹೊರಗೆ ಹೋದ ಶಕ್ತಿಯನ್ನು ಪೂರ್ತಿ ವಾಪಸ್ ಕಟ್ಟಬೇಕಲ್ವಾ, ಅದಕ್ಕೆ. (ಈ ಕರೆಂಟ್ ಪ್ರಯೋಗವನ್ನು ಮನೆಯಲ್ಲಿ ಅಡುಗೆ ಉಪ್ಪು ಹಾಕಿ ಮಾಡೋದು ಬೇಡ. ಆಗ ಕ್ಲೋರಿನ್ ಗ್ಯಾಸ್ ಬರುತ್ತದೆ.)

ಈಗ ಉಪ್ಪುನೀರು. ನಮ್ಮೂರು ಕುಮಟಾ ಕಡೆ, ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿಕೊಂಡೇ ಬೆಳೆದವನು ನಾನು. ನಿಮಗೆ ಮುಂಬೈಯಲ್ಲೇ ನೋಡಬೇಕಂದ್ರೆ ಭಾಯಂದರ್ ಕಡೆ ಹೋಗಿ, ಇಲ್ಲಿಯವರು ಮಿಠಾಗರ ಅಂತಾರೆ. ಸಮುದ್ರದ 1 ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದೆಲ್ಲ ನಾವು ತಿನ್ನುವ ಉಪ್ಪೇ ಅಲ್ಲ, ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಸೋಡಿಯಂ ಕ್ಲೋರೈಡ್. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಲವಣ. ಆಗರದಲ್ಲಿ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಮೊದಲು ಸುಣ್ಣದಂಥದ್ದು, ಜಿಪ್ಸಂ ತಳ ಸೇರುತ್ತವೆ. ಆಮೇಲೆ ಉಪ್ಪಿನ ಹರಳು ಕಟ್ಟುತ್ತದೆ. ಕೊನೆಗೆ ಮೆಗ್ನೀಸಿಯಂ ತುಂಬಿದ ಕಹಿ ನೀರು ಉಳಿಯುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ಯಾರೂ ಒಂದೊಂದನ್ನೇ ಆರಿಸಿ ತೆಗೆಯಲಿಲ್ಲ. ಪ್ರತಿಯೊಂದು ಲವಣವೂ ತನ್ನ ಕರಗುವ ಗುಣಕ್ಕೆ ತಕ್ಕ ಹಾಗೆ ತನ್ನ ಸರದಿಯಲ್ಲಿ ಹೊರಗೆ ಬಂತು. ಅಷ್ಟು ಚೆನ್ನಾಗಿ ಬೆರೆತು ಕಣ್ಣಿಗೆ ಕಾಣದೇ ಹೋಗಿದ್ದರೂ ಯಾವುದೂ ತನ್ನ ಸ್ವಭಾವ ಬಿಟ್ಟಿರಲಿಲ್ಲ.

ಆ ಮೆಗ್ನೀಸಿಯಂ ಸ್ವಲ್ಪ ನಿಮ್ಮ ಅಡುಗೆಮನೆಗೂ ಬರುತ್ತದೆ. ಜುಲೈ ತಿಂಗಳಲ್ಲಿ ಕಲ್ಲುಪ್ಪಿನ ಡಬ್ಬಿ ತೆಗೆದರೆ ನೀರು ಜಿನುಗಿರುತ್ತದೆ, ಅಲ್ವಾ? ಶುದ್ಧ ಸೋಡಿಯಂ ಕ್ಲೋರೈಡ್ ಅಷ್ಟು ಬೇಗ ಒದ್ದೆಯಾಗುವುದಿಲ್ಲ. ಹರಳಿನ ಜೊತೆ ಬಂದ ಚೂರುಪಾರು ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅಂದರೆ ಕಲ್ಲುಪ್ಪೂ ಒಂದು ಮಿಶ್ರಣವೇ, ಮುಂಬೈ ಮಳೆಗಾಲ ಅದನ್ನು ಪ್ರತಿ ವರ್ಷ ತೋರಿಸಿ ಕೊಡುತ್ತದೆ.

ಆದರೆ ಸೋಡಿಯಂ ಕ್ಲೋರೈಡ್ ಅನ್ನೋದು ಸಂಯುಕ್ತ. ಸೋಡಿಯಂ ಚಾಕುವಿನಲ್ಲಿ ಕತ್ತರಿಸುವಷ್ಟು ಮೆತ್ತಗಿನ ಲೋಹ, ನೀರಿಗೆ ಹಾಕಿದರೆ ಬುಸುಗುಟ್ಟಿ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಹಳದಿ ಹಸಿರು ವಿಷದ ಗ್ಯಾಸ್, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಅದನ್ನು ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದರು. ಇವೆರಡೂ ಸೇರಿ ನಾವು ಅನ್ನದ ಜೊತೆ ತಿನ್ನುವ ವಸ್ತು ಆಗಿದೆ. ಹಳೆಯ ಗುಣದಲ್ಲಿ ಒಂದಾದರೂ ಉಳಿದಿದ್ದರೆ ನಮ್ಮ ಗತಿ? ಸಾಣಿಕಟ್ಟೆಯದೇ ಇರಲಿ, ಭಾಯಂದರಿನದೇ ಇರಲಿ, ಶುದ್ಧ ಮಾಡಿ ತೂಗಿದರೆ 100 ಗ್ರಾಂನಲ್ಲಿ 39.3 ಗ್ರಾಂ ಸೋಡಿಯಂ, 60.7 ಗ್ರಾಂ ಕ್ಲೋರಿನ್. ಅದು ಎಲ್ಲೂ ಬದಲಾಗುವುದಿಲ್ಲ. ಉಪ್ಪುನೀರು ಹಾಗಲ್ಲ, ಚಿಟಿಕೆಯಿಂದ ಶುರುಮಾಡಿ 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪಿನವರೆಗೆ ಎಷ್ಟು ಬೇಕಾದರೂ ಹಾಕಬಹುದು. ಹಾಗಾಗಿ ಉಪ್ಪು ಸಂಯುಕ್ತ, ನೀರು ಸಂಯುಕ್ತ, ಉಪ್ಪುನೀರು ಎರಡು ಸಂಯುಕ್ತಗಳ ಮಿಶ್ರಣ. ಮಗಳಿಗೆ ಗೊಂದಲ ಆದದ್ದು ಇಲ್ಲೇ ಇರಬೇಕು. ಎರಡು ಸಂಯುಕ್ತ ಸೇರಿದರೆ ಸಂಯುಕ್ತವೇ ಆಗಬೇಕು ಅಂತ ಎಷ್ಟೋ ಮಕ್ಕಳು ಅಂದುಕೊಳ್ಳುತ್ತಾರೆ.

ಮುಂದಿನ ಕ್ಲಾಸಿಗೆ ಹೋದಾಗ ಅವಳು ಇನ್ನೊಂದು ಕೇಳಬಹುದು, ಈಗಲೇ ಹೇಳಿಬಿಡುತ್ತೇನೆ. ಉಪ್ಪು ಕರಗಿದಾಗ ಅದರ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು (ಅಯಾನು ಅಂದರೆ ವಿದ್ಯುತ್ ಆವೇಶ ಇರುವ ಕಣ) ಬೇರೆ ಬೇರೆಯಾಗಿ ನೀರಿನಲ್ಲಿ ಓಡಾಡುತ್ತವೆ. ಹಾಗಾದರೆ ಉಪ್ಪು ಉಪ್ಪಾಗಿ ಎಲ್ಲಿ ಉಳಿಯಿತು ಅಂತ ಅವಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹರಳಿನಲ್ಲೂ ಇದ್ದದ್ದು ಅದೇ ಅಯಾನುಗಳು, ನೀರಿನಲ್ಲೂ ಇರುವುದು ಅವೇ. ಸೋಡಿಯಂ ಲೋಹವೋ ಕ್ಲೋರಿನ್ ಗ್ಯಾಸೋ ಹುಟ್ಟಲಿಲ್ಲ, ನೀರಿನ ಅಣು ಮುರಿಯಲಿಲ್ಲ, ಪ್ರಮಾಣಕ್ಕೆ ಕಟ್ಟುಪಾಡೂ ಬರಲಿಲ್ಲ. ಅದಕ್ಕೇ ಅದನ್ನು ಮಿಶ್ರಣದ ಕಡೆಗೇ ಇಡುತ್ತೇವೆ.

ಹಿತ್ತಾಳೆಗೆ ಬರೋಣ. ಇದು ಅವಳ ಗಟ್ಟಿ ಬಾಣ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ ಸುಮ್ನೆ ಕಣ್ಣಾಡಿಸಿದರೂ ಗೊತ್ತಾಗುತ್ತದೆ, ಎಲ್ಲ ಹಿತ್ತಾಳೆಯೂ ಒಂದೇ ಬಣ್ಣ ಅಲ್ಲ. ಸತು ಕಮ್ಮಿ ಇದ್ದರೆ ಕೆಂಪು ಜಾಸ್ತಿ, ಸತು ಏರಿಸುತ್ತಾ ಹೋದ ಹಾಗೆ ಹಳದಿ ಏರುತ್ತದೆ. ನೂರಕ್ಕೆ 30 ಪಾಲು ಸತು ಹಾಕಿದರೂ ಹಿತ್ತಾಳೆ, 37 ಹಾಕಿದರೂ ಹಿತ್ತಾಳೆ. ಹೀಗೆ ಮೆಲ್ಲಗೆ ಜಾರುತ್ತಾ ಬದಲಾಗುವುದು ಮಿಶ್ರಣದ ಗುರುತು. ಸಂಯುಕ್ತ ಹಾಗೆ ಜಾರುವುದಿಲ್ಲ, ಒಂದೋ ಇದೆ ಇಲ್ಲಾ ಇಲ್ಲ. ಇನ್ನು ಬೇರ್ಪಡಿಸೋದು ಆಗುವುದೇ ಇಲ್ಲ ಅಂತಲೂ ಅಲ್ಲ. ಸತು 907 ಡಿಗ್ರಿಗೆ ಕುದಿಯುತ್ತದೆ, ತಾಮ್ರ ಕರಗೋದೇ 1085 ಡಿಗ್ರಿಗೆ. ಹಿತ್ತಾಳೆ ಎರಕ ಹೊಯ್ಯುವವರ ಮೂಸೆಯಿಂದ ಬಿಳಿ ಹೊಗೆ ಏಳುತ್ತದಲ್ಲ, ಅದು ತಪ್ಪಿಸಿಕೊಂಡು ಹೋದ ಸತು ಗಾಳಿಯಲ್ಲಿ ಉರಿದು ಆದ ಸತುವಿನ ಆಕ್ಸೈಡ್.

ಚಿನ್ನದ ವಿಷಯದಲ್ಲಿ "ಬೇರ್ಪಡಿಸಬಹುದು, ಅದಕ್ಕೇ ಮಿಶ್ರಣ" ಅನ್ನೋ ನಿಮ್ಮ ನಿಯಮ ಪೂರ್ತಿ ಕೈಕೊಡುತ್ತದೆ. 22 ಕ್ಯಾರೆಟ್ ಒಡವೆಯಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. 18 ಕ್ಯಾರೆಟ್‌ನಲ್ಲಿ 75. ಪ್ರಮಾಣ ನಮ್ಮ ಇಷ್ಟ, ಹಾಗಾಗಿ ಮಿಶ್ರಣ. ಆದರೆ ಹಳೆಯ ಚಿನ್ನವನ್ನು ಶುದ್ಧ ಮಾಡುವ ಹಳೆಯ ಪದ್ಧತಿಯಲ್ಲಿ ಅದಕ್ಕೆ ಇನ್ನಷ್ಟು ಬೆಳ್ಳಿ ಸೇರಿಸಿ ಕರಗಿಸಿ, ಆಮೇಲೆ ನೈಟ್ರಿಕ್ ಆಸಿಡ್‌ಗೆ ಹಾಕುತ್ತಾರೆ. ಬೆಳ್ಳಿ, ತಾಮ್ರ ಆಸಿಡ್ ಜೊತೆ ಸೇರಿ ಹೊಸ ಸಂಯುಕ್ತಗಳಾಗಿ ಕರಗಿ ಹೋಗುತ್ತವೆ, ಚಿನ್ನ ಮಾತ್ರ ತಳದಲ್ಲಿ ಉಳಿಯುತ್ತದೆ. ಅಂದರೆ ಇಲ್ಲಿ ಒಂದು ಮಿಶ್ರಣವನ್ನು ರಾಸಾಯನಿಕ ಕ್ರಿಯೆಯಿಂದಲೇ ಬೇರ್ಪಡಿಸಿದ ಹಾಗಾಯಿತು! "ಭೌತಿಕ ವಿಧಾನದಿಂದ ಬೇರ್ಪಡಿಸಬಹುದು" ಅನ್ನೋದು ಮಿಶ್ರಣದ ಒಂದು ಸಾಮಾನ್ಯ ಲಕ್ಷಣ ಅಷ್ಟೇ, ಅದರ ಅರ್ಥವೇ ಅದಲ್ಲ. ಪಾಠ ಮಾಡುವವರು ಇದನ್ನು ಹೇಳದೇ ಬಿಡೋದರಿಂದಲೇ ನಿಮ್ಮ ಮಗಳಂಥ ಮಕ್ಕಳು ಸಿಕ್ಕಿಬೀಳುತ್ತಾರೆ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ನೀರು ಬೆರೆಯೋದಕ್ಕೂ ನೀರು ಸಂಯುಕ್ತವಾಗೋದಕ್ಕೂ ಏನು ವ್ಯತ್ಯಾಸ ಅನ್ನೋದನ್ನು ನಾನು ಕೆಮಿಸ್ಟ್ರಿ ಓದುವ ಮೊದಲೇ ಕಣ್ಣಾರೆ ನೋಡಿದ್ದೆ. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಯಬೇಕು. ಅಪ್ಪ ಅಘನಾಶಿನಿ ಅಳಿವೆಯ ಚಿಪ್ಪು ಸುಟ್ಟ ಸುಣ್ಣವನ್ನು ತಂದು ಅಂಗಳದ ಗುಂಡಿಗೆ ಸುರಿಯುತ್ತಿದ್ದರು. ಬಿಳಿ ಚಿಪ್ಪು, ಮುಟ್ಟಿದರೆ ಹಗುರ. ನಮ್ಮನ್ನೆಲ್ಲ ದೂರ ನಿಲ್ಲಿಸಿ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಚಟಪಟ ಸದ್ದು, ಬುಸ್ಸೆಂದು ಹಬೆ, ಚಿಪ್ಪುಗಳು ಬಿರಿದು ಅರಳಿ ಹಿಟ್ಟಿನ ಹಾಗೆ ಉದುರುತ್ತಿದ್ದವು. ನನಗೆ ಆಶ್ಚರ್ಯ ಆಗುತ್ತಿದ್ದದ್ದು ಆಮೇಲೆ. ಅಷ್ಟು ನೀರು ಕುಡಿದ ಆ ಪುಡಿ ಒಣಗಿಯೇ ಇರುತ್ತಿತ್ತು. ನೀರು ಎಲ್ಲಿ ಹೋಯಿತು?

ಒಳಗೇ ಹೋಗಿತ್ತು, ಆದರೆ ನೀರಾಗಿ ಅಲ್ಲ. ಚಿಪ್ಪು ಅಂದರೆ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. 100 ಗ್ರಾಂ ಸುಟ್ಟರೆ 44 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, ಚಿಪ್ಪು ಹಗುರ ಆಗಿದ್ದಕ್ಕೆ ಅದೇ ಕಾರಣ. ಆ 56 ಗ್ರಾಂ ಸರಿಯಾಗಿ 18 ಗ್ರಾಂ ನೀರನ್ನು ಹಿಡಿದು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಹಬೆಯಾಗಿ ಹೋಗುವುದನ್ನು ಬಿಟ್ಟು, 18ಕ್ಕಿಂತ ಮೇಲೆ ಎಷ್ಟು ನೀರು ಹಾಕಿದರೂ ಅದು ಬರೀ ಒದ್ದೆ, ಅಂದರೆ ಮಿಶ್ರಣ. ಒಂದೇ ಗುಂಡಿ, ಒಂದೇ ತಂಬಿಗೆ ನೀರು. ಮೊದಲ ಪಾಲು ಸಂಯುಕ್ತದೊಳಗೆ ಸೇರಿತು, ಮಿಕ್ಕಿದ್ದು ಸುಮ್ನೆ ಬೆರೆಯಿತು. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಮೆಲ್ಲಗೆ ಕಾರ್ಬನ್ ಡೈ ಆಕ್ಸೈಡ್ ತಗೊಂಡು ನೀರನ್ನು ಬಿಟ್ಟುಕೊಟ್ಟು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಚಿಪ್ಪು ಏನಾಗಿತ್ತೋ ಅದೇ. ಒಂದು ಎಚ್ಚರಿಕೆ ಹೇಳಲೇಬೇಕು. ಬಿಸಿ ಆಯಿತು ಅಂದ ಮಾತ್ರಕ್ಕೆ ಸಂಯುಕ್ತ ಆಯಿತು ಅಂತ ತೀರ್ಮಾನಿಸಬೇಡಿ. ಕೆಲವು ವಸ್ತುಗಳು ನೀರಿನಲ್ಲಿ ಕರಗುವಾಗಲೂ ಬಿಸಿ ಬರುತ್ತದೆ, ಕೆಲವಕ್ಕೆ ತಣ್ಣಗಾಗುತ್ತದೆ. ಬಿಸಿ ಒಂದು ಸುಳಿವು, ಸಾಕ್ಷಿ ಅಲ್ಲ.

ಗಾಳಿಯ ಬಗ್ಗೆ ಎರಡೇ ಮಾತು. ಗಾಳಿಯಲ್ಲಿ ನೂರಕ್ಕೆ ನೈಟ್ರೋಜನ್ 78 ಪಾಲು, ಆಕ್ಸಿಜನ್ 21 ಪಾಲು, ಹೆಚ್ಚು ಕಮ್ಮಿ ಎಲ್ಲ ಕಡೆ ಇದೇ ಪ್ರಮಾಣ. ಹಾಗಾದರೆ ಪ್ರಮಾಣ ನಿಗದಿ ಇದೆಯಲ್ಲ, ಸಂಯುಕ್ತ ಅಲ್ವಾ ಅಂತ ಅನ್ನಿಸಬಹುದು. ನೀರಿನಲ್ಲಿ ಕರಗಿದ ಗಾಳಿಯನ್ನು ಕುದಿಸಿ ಹೊರಗೆ ತೆಗೆದು ನೋಡಿದರೆ ಅದರಲ್ಲಿ ಆಕ್ಸಿಜನ್ ಮೂರನೇ ಒಂದು ಪಾಲು ಇರುತ್ತದೆ, ಯಾಕೆಂದರೆ ಆಕ್ಸಿಜನ್ ನೀರಿನಲ್ಲಿ ನೈಟ್ರೋಜನ್‌ಗಿಂತ ಚೆನ್ನಾಗಿ ಕರಗುತ್ತದೆ. ಕೈ ಕಟ್ಟಿಕೊಂಡ ಜೋಡಿ ಆಗಿದ್ದರೆ ಹೀಗೆ ಒಬ್ಬರೇ ಮುಂದೆ ಹೋಗೋಕೆ ಆಗುತ್ತಿರಲಿಲ್ಲ.

ಮಗಳಿಗೆ ಇದನ್ನೂ ಹೇಳಿ, ಅವಳಿಗೆ ಧೈರ್ಯ ಬರುತ್ತದೆ. ಸುಮಾರು 1800ರ ಹೊತ್ತಿಗೆ ಇದೇ ವಿಷಯದಲ್ಲಿ ಇಬ್ಬರು ದೊಡ್ಡ ಫ್ರೆಂಚ್ ರಸಾಯನ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದ್ದರು. ಸ್ಪೇನ್‌ನಲ್ಲಿ ಕೆಲಸ ಮಾಡುತ್ತಿದ್ದ ಪ್ರೂಸ್ಟ್, ಗಣಿಯಲ್ಲಿ ಸಿಕ್ಕಿದ ತಾಮ್ರದ ಕಾರ್ಬೋನೇಟನ್ನೂ ತಾನೇ ಲ್ಯಾಬಿನಲ್ಲಿ ಮಾಡಿದ್ದನ್ನೂ ತೂಗಿ ನೋಡಿ, ಎರಡರಲ್ಲೂ ಪ್ರಮಾಣ ಒಂದೇ, ಸಂಯುಕ್ತದ ಪ್ರಮಾಣ ಬದಲಾಗುವುದಿಲ್ಲ ಅಂದ. ಬರ್ತೊಲೆ ಒಪ್ಪಲಿಲ್ಲ. ಅವನು ಸಾಮಾನ್ಯ ಮನುಷ್ಯ ಅಲ್ಲ, ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಅಲ್ಲಿನ ಉಪ್ಪು ಸರೋವರಗಳನ್ನು ನೋಡಿ ರಾಸಾಯನಿಕ ಕ್ರಿಯೆ ಹಿಂದಕ್ಕೂ ನಡೆಯಬಹುದು ಅಂತ ಗುರುತಿಸಿದವನು. ಪ್ರಮಾಣ ಬದಲಾಗುತ್ತದೆ ಅಂತ ತೋರಿಸೋಕೆ ಅವನು ಕೊಟ್ಟ ಉದಾಹರಣೆಗಳಲ್ಲಿ ದ್ರಾವಣಗಳು, ಗಾಜು, ಮಿಶ್ರಲೋಹಗಳು ಇದ್ದವು. ಉಪ್ಪುನೀರು, ಹಿತ್ತಾಳೆ! ನಿಮ್ಮ ಮಗಳು ಎಡವಿದ ಜಾಗವೇ. ಅವು ಸಂಯುಕ್ತಗಳೇ ಅಲ್ಲ, ಮಿಶ್ರಣಗಳು ಅಂತ ಪ್ರೂಸ್ಟ್ ಒಂದೊಂದಾಗಿ ಬಿಡಿಸಿ ತೋರಿಸಿದ. ಎರಡರ ನಡುವಿನ ಗೆರೆ ಗಟ್ಟಿಯಾದದ್ದೇ ಈ ಜಗಳದಿಂದ. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ ಪರಮಾಣುಗಳ ಲೆಕ್ಕ ಮುಂದಿಟ್ಟ ಮೇಲೆ ಪ್ರಮಾಣ ಯಾಕೆ ನಿಗದಿ ಅನ್ನೋದಕ್ಕೂ ಕಾರಣ ಸಿಕ್ಕಿತು. ಬಿಡಿ ಪರಮಾಣುಗಳು ಲೆಕ್ಕ ಹಾಕಿ ಸೇರುತ್ತವೆ, ಒಂದೂಕಾಲು ಪರಮಾಣು ಅಂತ ಇರುವುದಿಲ್ಲ. ಬರ್ತೊಲೆ ಹೇಳಿದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಕಬ್ಬಿಣದ ಒಂದು ಆಕ್ಸೈಡ್‌ನಂಥ ಕೆಲವು ಘನ ಸಂಯುಕ್ತಗಳಲ್ಲಿ ಪ್ರಮಾಣ ಸ್ವಲ್ಪ ಆಚೀಚೆ ಆಗುತ್ತದೆ. ಅವನ ಹೆಸರಲ್ಲೇ ಅವನ್ನು ಬರ್ತೊಲೈಡ್ ಅಂತ ಕರೆಯುತ್ತಾರೆ. 9ನೇ ಕ್ಲಾಸಿಗೆ ಅದು ಬೇಕಾಗಿಲ್ಲ.

ಮನೆಯಲ್ಲಿ ತೋರಿಸೋಕೆ ಈನೋ ಪೊಟ್ಟಣ ಸಾಕು. ಅದರಲ್ಲಿ ಮುಖ್ಯವಾಗಿ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಪುಡಿ ಇವೆ. ಒಣಗಿದ್ದಾಗ ಎರಡೂ ಅಕ್ಕಪಕ್ಕ ಸುಮ್ನೆ ಕೂತಿರುತ್ತವೆ, ಮಿಶ್ರಣ. ಢೋಕ್ಲಾ ಹಿಟ್ಟಿಗೋ ನೀರಿಗೋ ಬಿದ್ದ ಕೂಡಲೇ ಒಂದನ್ನೊಂದು ಹಿಡಿದು ನೊರೆ ಏಳುತ್ತದೆ. ಆ ನೊರೆಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಪೊಟ್ಟಣದಲ್ಲಿ ಗ್ಯಾಸಾಗಿ ಇರಲೇ ಇಲ್ಲ. ಇದೇ ಕಾರಣಕ್ಕೆ ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬಟ್ಟೆಯ ಬ್ಲೀಚ್ ಎರಡನ್ನೂ "ಬೆರೆಸಿದರೆ ಚೆನ್ನಾಗಿ ಹೋಗುತ್ತೆ" ಅಂತ ಒಟ್ಟಿಗೆ ಹಾಕಬೇಡಿ. ಅದು ಬೆರೆಯೋದಿಲ್ಲ, ಕ್ರಿಯೆ ನಡೆದು ಕ್ಲೋರಿನ್ ಬರುತ್ತದೆ. ನಮ್ಮ ಮುಂಬೈ ಬಾತ್‌ರೂಮುಗಳಲ್ಲಿ ಗಾಳಿ ಆಡೋಕೆ ಜಾಗವೇ ಇರುವುದಿಲ್ಲ.

ಮುಂದಿನ ಸಲ ಪರೀಕ್ಷೆಯಲ್ಲಿ ಬಂದರೆ ಅವಳು ಹೀಗೆ ಬರೆಯಲಿ: ಉಪ್ಪುನೀರು ಮಿಶ್ರಣ, ಏಕೆಂದರೆ ಅದರಲ್ಲಿ ಉಪ್ಪೂ ನೀರೂ ತಮ್ಮ ಗುಣಗಳನ್ನು ಉಳಿಸಿಕೊಂಡಿವೆ ಮತ್ತು ಅವುಗಳ ಪ್ರಮಾಣವನ್ನು ಬದಲಾಯಿಸಬಹುದು. ಬೇರ್ಪಡಿಸುವ ಮಾತನ್ನು ಕೊನೆಗೆ ಸೇರಿಸಲಿ.

ಮಳೆ ನಿಂತ ಮೇಲೆ ಅವಳ ಕೈಯಲ್ಲೇ ಒಂದು ಕೆಲಸ ಮಾಡಿಸಿ. ಪುಡಿ ಉಪ್ಪನ್ನು ಸರಿಯಾಗಿ 10 ಗ್ರಾಂ ತೂಗಿ, ಫಿಲ್ಟರ್ ನೀರಿನಲ್ಲಿ ಕರಗಿಸಿ, ಅಗಲವಾದ ಗಾಜಿನ ತಟ್ಟೆಯಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಸ್ಟೀಲ್ ತಟ್ಟೆ ಬೇಡ, ಉಪ್ಪು ಕಲೆ ಮಾಡುತ್ತದೆ. ಮೇಲೊಂದು ತೆಳು ಬಟ್ಟೆ ಮುಚ್ಚಿ. ಪೂರ್ತಿ ಒಣಗಿದ ಮೇಲೆ ಕೆರೆದು ಮತ್ತೆ ತೂಗಲಿ. ತಟ್ಟೆಗೆ ಅಂಟಿದ್ದು ಬಿಟ್ಟು ಹತ್ತಿರ ಹತ್ತಿರ 10 ಗ್ರಾಂ ಸಿಗುತ್ತದೆ. ಹರಳುಗಳನ್ನು ಭೂತಗನ್ನಡಿ ಇದ್ದರೆ ಅದರಲ್ಲಿ ನೋಡಲಿ, ಸಣ್ಣ ಸಣ್ಣ ಚೌಕ ಪೆಟ್ಟಿಗೆಗಳ ಹಾಗಿರುತ್ತವೆ.